ತಲೆಯಿಲ್ಲದ ಮಾಂತ್ರಿಕನ ಪುರಾಣ

ಕಾರು ಓಡಿಸುವ ಗೇಮಿನಲ್ಲಿ ಕಾರೊಂದು ರಸ್ತೆಯೊಳಗೆ ಅರ್ಧ ಹೂತುಹೋದರೆ ಅದು ಗ್ಲಿಚ್, ಅಂದರೆ ಗೇಮಿನ ದೋಷ, ಎಂದು ಎರಡನೇ ಇಯತ್ತೆಯ ಮಗುವೂ ಹೇಳೀತು. ಡ್ರ್ಯಾಗನ್ನುಗಳೂ ಮಾಂತ್ರಿಕರೂ ಓಡಾಡುವ ಆನ್‌ಲೈನ್ ಗೇಮಿನಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ಒಬ್ಬಾತ ಗೋಡೆಯೊಳಗಿಂದ ನಡೆದು ಬಂದರೆ ಅದು ಅವನ ವಿದ್ಯೆಯೂ ಆಗಿರಬಹುದು, ಗೇಮ್ ಮಾಡಿದವರ ಅಜಾಗರೂಕತೆಯೂ ಆಗಿರಬಹುದು. ಎರಡರಲ್ಲಿ ಯಾವುದೆಂದು ತೀರ್ಮಾನಿಸುವಷ್ಟರಲ್ಲಿ ಅವನು ನಮ್ಮ ಚೀಲವನ್ನು ಖಾಲಿ ಮಾಡಿಕೊಂಡು ಹೋಗಿರುತ್ತಾನೆ.

ಶಿರಸಿಯ ಮಳೆಗಾಲದಲ್ಲಿ, ಬಯಲಾಟಗಳೆಲ್ಲ ನಿಂತು ತಾಳಮದ್ದಳೆಗಳು ಶುರುವಾಗುವ ದಿನಗಳಲ್ಲಿ, ಇಂಥ ಒಂದು ಗೇಮನ್ನು ನಾವು ಮೂವರು ಕೂಡಿ ಆಡತೊಡಗಿದೆವು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ನನ್ನ ಅಕ್ಕನ ಮಗ ಒಬ್ಬ, ನಮ್ಮ ಕೇರಿಯ ಭಟ್ಟರು ಇನ್ನೊಬ್ಬರು. ಭಟ್ಟರು ಹವ್ಯಾಸಿ ಅರ್ಥಧಾರಿಗಳು. ಹೆಗಲಿಗೆ ಶಲ್ಯ ಹಾಕಿ, ಕವಳದ ಸಂಚಿಯನ್ನು ಪಕ್ಕಕ್ಕಿಟ್ಟುಕೊಂಡು, ಕುಳಿತಲ್ಲಿಂದ ಏಳದೆ, ಇಂದ್ರಜಿತುವನ್ನು ಮೋಡದ ಮರೆಗೆ ಕಳಿಸಿ ಮತ್ತೆ ಕೆಳಗಿಳಿಸಬಲ್ಲವರು. ಕಣ್ಣಿಗೆ ಏನೂ ಕಾಣದ ಕಡೆಯಲ್ಲಿ ಎಲ್ಲವನ್ನೂ ಮಾತಿನಿಂದ ಕಟ್ಟಿ ನಿಲ್ಲಿಸುವ ಇಂಥವರ ಕೈಗೆ, ಕಂಡದ್ದೆಲ್ಲ ತಪ್ಪುತಪ್ಪಾಗಿ ಕಾಣುವ ಗೇಮೊಂದು ಸಿಕ್ಕರೆ ಏನಾಗುತ್ತದೆಂದು ವಿವರಿಸುವ ಅಗತ್ಯವಿಲ್ಲ. ಆದರೂ ವಿವರಿಸುತ್ತೇನೆ.

ಮೊದಲ ತಕರಾರು ಹಾಳು ದೇಗುಲವೊಂದರ ನೆಲದ್ದು. ದೂರದಿಂದ ನೋಡಿದರೆ ಆ ನೆಲ ಮಿಣಮಿಣ ಎನ್ನುತ್ತಿತ್ತು. ಒಮ್ಮೆ ಕಲ್ಲುಹಾಸು ಕಾಣುವುದು, ಒಮ್ಮೆ ಅದರ ಮೇಲಿನ ಜಮಖಾನೆ ಕಾಣುವುದು, ಮರುಕ್ಷಣ ಎರಡೂ ಪಟ್ಟೆಪಟ್ಟೆಯಾಗಿ ಕಲೆಯುವುದು. ಗೇಮಿನ ಲೋರ್‌ನಲ್ಲಿ, ಅಂದರೆ ಆ ಲೋಕದ ಸ್ಥಳಪುರಾಣದಲ್ಲಿ, ದೇಗುಲದ ಅಡಿಗೆ ದೈತ್ಯನೊಬ್ಬನನ್ನು ಕಟ್ಟಿಹಾಕಿದ ಕಥೆ ಇದ್ದದ್ದರಿಂದ, ದಿಗ್ಬಂಧನ ಸಡಿಲಾಗಿದೆ ಎಂದು ಭಟ್ಟರು ನಿರ್ಣಯಿಸಿದರು. ನಮ್ಮಲ್ಲಿದ್ದ ಮಂತ್ರಶಕ್ತಿಯ ಶೀಸೆಗಳನ್ನೆಲ್ಲ ಆ ನೆಲಕ್ಕೆ ಸುರಿದು ಶಾಂತಿ ಮಾಡಿಸಿದ್ದಾಯಿತು. ರಾತ್ರಿ ಊಟ ಮುಗಿಸಿ ಬಂದ ಅಳಿಯ ನೋಡಿದವನೇ ನಕ್ಕ. ಗೇಮ್ ಮಾಡಿದವರು ಕಲ್ಲನ್ನೂ ಜಮಖಾನೆಯನ್ನೂ ಒಂದೇ ಮಟ್ಟದಲ್ಲಿ ಇಟ್ಟುಬಿಟ್ಟಿದ್ದರು. ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯಲು ಗ್ರಾಫಿಕ್ಸ್ ಕಾರ್ಡು ಪರದೆಯ ಪ್ರತಿಯೊಂದು ಬಿಂದುವಿನ ಆಳವನ್ನೂ ಲೆಕ್ಕ ಹಾಕುತ್ತದೆಯಂತೆ. ಆ ಲೆಕ್ಕದ ನಿಖರತೆ ಹತ್ತಿರದ ವಸ್ತುಗಳಿಗೆ ಧಾರಾಳವಾಗಿಯೂ ದೂರದವುಗಳಿಗೆ ಜಿಪುಣತನದಿಂದಲೂ ಹಂಚಿಕೆಯಾಗಿರುವುದರಿಂದ, ಒಂದೇ ಆಳದಲ್ಲಿರುವ ಎರಡು ಮೇಲ್ಮೈಗಳಲ್ಲಿ ಒಮ್ಮೆ ಇದು ಗೆದ್ದರೆ ಇನ್ನೊಮ್ಮೆ ಅದು ಗೆಲ್ಲುತ್ತದೆ. ಇದನ್ನೇ ಝೆಡ್ ಫೈಟಿಂಗ್, ಅಂದರೆ ಆಳದ ಹೊಡೆದಾಟ, ಎನ್ನುತ್ತಾರೆ.

“ಒಂದೇ ಜಾಗಕ್ಕೆ ಇಬ್ಬರು ಹೊಡೆದಾಡ್ತಾ ಇದ್ದ ಅಂದ್ರೆ ಅದು ಜಾಗದ ತಂಟೆ ಆತು ತಮಾ, ಅದಕ್ಕೂ ಶಾಂತಿ ಬೇಕು” ಎಂದರು ಭಟ್ಟರು. ಶೀಸೆಗಳ ಖರ್ಚು ಹೀಗೆ ಸಮರ್ಥನೆಯಾಯಿತು.

ಮುಂದೆ ತಲೆಯಿಂದ ಬಾಲದವರೆಗೆ ಕಣ್ಣು ಕುಕ್ಕುವ ಮೆಜೆಂಟಾ ಬಣ್ಣದ ಡ್ರ್ಯಾಗನ್ ಎದುರಾದಾಗಲೂ ಹೀಗೆಯೇ ನಡೆಯಿತು. ಚರ್ಮದ ಚಿತ್ರವಿರುವ ಫೈಲು ಸಿಗದೆ ಹೋದರೆ ಹಲವು ಗೇಮ್ ಎಂಜಿನ್‌ಗಳು, ಅಂದರೆ ಗೇಮು ಕಟ್ಟಲು ಬಳಸುವ ತಂತ್ರಾಂಶಗಳು, ಈ ಬಣ್ಣವನ್ನು ಬೇಕೆಂದೇ ಬಳಿಯುತ್ತವೆ, ತಯಾರಕರ ಕಣ್ಣಿಗೆ ತಪ್ಪು ಕೂಡಲೇ ಬೀಳಲಿ ಎಂದು. ತಯಾರಕರ ಕಣ್ಣಿಗೆ ಬೀಳುವ ಮೊದಲು ಅದು ನಮ್ಮ ಮೇಲೆ ಬಿತ್ತು. ಫೈಲು ಕಳೆದದ್ದು ಚರ್ಮದ್ದು ಮಾತ್ರ, ಬೆಂಕಿಯದ್ದಲ್ಲ.

ನನ್ನ ಪಾಲಿಗೆ ಒದಗಿದ ಮಂತ್ರವಿದ್ಯೆ ಪೂರ್ತಿಯಾಗಿ ಮಲೆನಾಡಿನ ಮಳೆಯ ಕೊಡುಗೆ. ಗಾಳಿಗೆ ಮರದ ಟೊಂಗೆ ಬಿದ್ದು ಇಂಟರ್ನೆಟ್ಟಿನ ತಂತಿ ಜೋತಾಡುವಾಗ, ನಾನು ಸೇತುವೆ ದಾಟಿದೆನೆಂದು ನನ್ನ ಪರದೆ ಹೇಳುತ್ತಿತ್ತು, ದಾಟಿಲ್ಲವೆಂದು ಸರ್ವರ್, ಅಂದರೆ ಗೇಮನ್ನು ನಡೆಸುವ ಕಂಪನಿಯ ಕಂಪ್ಯೂಟರು, ಹೇಳುತ್ತಿತ್ತು. ನಮ್ಮ ಕಂಪ್ಯೂಟರು ಮುಂದಿನ ಹೆಜ್ಜೆಯನ್ನು ಅಂದಾಜಿನ ಮೇಲೆ ತೋರಿಸುತ್ತದೆಯೇ ಹೊರತು ತೀರ್ಪು ಕೊಡುವ ಅಧಿಕಾರ ಸರ್ವರಿನದ್ದು. ಹೀಗಾಗಿ ನನ್ನ ಮಾಂತ್ರಿಕ ಮುಂದೆ ಹೋಗುವುದು, ಸರ್ರನೆ ಹಿಂದಕ್ಕೆ ಬರುವುದು, ಎದುರಿದ್ದವರಿಗೆ ಮಾಯವಾಗಿ ಇನ್ನೆಲ್ಲೋ ಪ್ರತ್ಯಕ್ಷನಾಗುವುದು ನಡೆದೇ ಇತ್ತು. ಕಾರವಾರದ ಕಡೆಯ ಆಟಗಾರನೊಬ್ಬ ಈ ವಿದ್ಯೆ ಎಷ್ಟನೇ ಹಂತದಲ್ಲಿ ಸಿಗುತ್ತದೆಂದು ಬಹಳ ವಿನಯದಿಂದ ವಿಚಾರಿಸಿದ. ಘಟ್ಟ ಹತ್ತಿ ಬಂದು ಮನೆ ಮಾಡಬೇಕೆಂದೂ ಉಳಿದದ್ದನ್ನು ಆಷಾಢ ನೋಡಿಕೊಳ್ಳುತ್ತದೆಂದೂ ತಿಳಿಸಿದೆ.

ಭಟ್ಟರು ಒಮ್ಮೆ ಕೋಟೆಯ ಮೆಟ್ಟಿಲಲ್ಲಿ ಕಾಲಿಟ್ಟವರು ನೆಲದೊಳಗೇ ಇಳಿದುಹೋದರು. ಕೆಳಗಿನಿಂದ ನೋಡಿದರೆ ಭೂಮಿಯೇ ಇಲ್ಲ. ಕೋಟೆ, ಮರಗಳು, ನಮ್ಮ ಅಂಗಾಲುಗಳು ಎಲ್ಲವೂ ಆಕಾಶದಲ್ಲಿ ತೇಲುತ್ತಿವೆ. ನೆಲಕ್ಕೆ ಒಂದೇ ಮಗ್ಗುಲು ಇರುತ್ತದೆಂದೂ, ನೋಡುವವನಿಗೆ ಬೆನ್ನು ಹಾಕಿದ ಮೇಲ್ಮೈಗಳನ್ನು ಬಿಡಿಸಿ ಶ್ರಮ ವ್ಯರ್ಥ ಮಾಡುವುದಿಲ್ಲವೆಂದೂ ಅಳಿಯ ವಿವರಿಸಿದ. ಭಟ್ಟರು ಕೇಳಿಸಿಕೊಂಡರೆಂದು ನನಗನಿಸುವುದಿಲ್ಲ. ಪಾತಾಳದವರಿಗೆ ನಮ್ಮ ಗುಟ್ಟೆಲ್ಲ ಹೇಗೆ ತಿಳಿಯುತ್ತದೆಂಬುದು ಇಂದು ಗೊತ್ತಾಯಿತೆಂದು ಅವರು ಕೆಳಗಿನಿಂದಲೇ ಸಾರಿದರು. ಇದು ತಪ್ಪೇ ತಪ್ಪು, ದೂರು ಕೊಡಬೇಕು ಎಂದು ಅಳಿಯ ಹಟ ಹಿಡಿದಾಗ, “ಮಯ ಕಟ್ಟಿದ ಸಭೆಯಲ್ಲಿ ಕೌರವ ನೆಲ ಅಂದ್ಕಂಡು ನೀರಿಗೆ ಬಿದ್ದ. ಮಯನ ಮೇಲೆ ದೂರು ಹೋಯ್ತಾ?” ಎಂದು ಕೇಳಿದರು. ದೂರಿನ ಬದಲು ಯುದ್ಧವೇ ಆಯಿತಲ್ಲ ಎಂದು ಅವನು ಹೇಳಬಹುದಿತ್ತು. ಬೆಂಗಳೂರಿನಲ್ಲಿದ್ದು ತಾಳಮದ್ದಳೆಯ ರೂಢಿ ತಪ್ಪಿದೆ, ಹೊಳೆಯಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಯಂತ್ರದ ಕೊರತೆಗೆ ಪುರಾಣ ಹೊದಿಸುವ ಪದ್ಧತಿ ಭಟ್ಟರಿಂದ ಆರಂಭವಾದದ್ದಲ್ಲ. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಗೇಮಿನಲ್ಲಿ ಆಟಗಾರರೆಲ್ಲರೂ ಒಂದೇ ಲೋಕದಲ್ಲಿ ಹಿಡಿಸುವಂತಿರಲಿಲ್ಲ, ಅದೇ ಲೋಕದ ಪ್ರತಿಗಳನ್ನು ಬೇರೆ ಬೇರೆ ಸರ್ವರುಗಳಲ್ಲಿ ಇಡಬೇಕಾಯಿತು. ಅದಕ್ಕೆ ಕಾರಣವೆಂದು ಮೊಂಡೇನ್ ಎಂಬ ದುಷ್ಟ ಮಾಂತ್ರಿಕನ ರತ್ನ ಒಡೆದು, ಅದರ ಒಂದೊಂದು ಚೂರಿನಲ್ಲೂ ಲೋಕದ ಒಂದೊಂದು ಪ್ರತಿಬಿಂಬ ಉಳಿದ ಕಥೆಯನ್ನು ತಯಾರಕರೇ ಹೊಂದಿಸಿ, ಸರ್ವರುಗಳನ್ನು ಶಾರ್ಡ್, ಅಂದರೆ ಚೂರು, ಎಂದು ಕರೆದರು. ಹಳೆಯ ಗೇಮುಗಳ ದಟ್ಟ ಮಂಜು ಕೂಡ ಅಂಥದ್ದೇ. ದೂರದ ಬೆಟ್ಟಗಳನ್ನು ಬಿಡಿಸುವ ತ್ರಾಣ ಯಂತ್ರಕ್ಕಿಲ್ಲದಿದ್ದರೆ ನಡುವೆ ಮಂಜು ಹರಡಿ, ಅದನ್ನೊಂದು ಶಾಪವೆಂದರೆ ಆಯಿತು. ಇದನ್ನು ಅಳಿಯನೇ ಹೇಳಿ ಭಟ್ಟರ ಕೈಗೆ ಅಸ್ತ್ರ ಕೊಟ್ಟ.

ಅಸ್ತ್ರ ಪ್ರಯೋಗವಾದದ್ದು ಟೋಪಿಯ ವಿಷಯದಲ್ಲಿ. ಟೋಪಿ ಹಾಕಿದಾಗ ಕೂದಲು ಅದರ ಬಟ್ಟೆಯನ್ನು ತೂರಿಕೊಂಡು ಹೊರಬಾರದಿರಲಿ ಎಂದು ಅನೇಕ ಗೇಮುಗಳಲ್ಲಿ ಕೂದಲನ್ನೇ ಅಡಗಿಸಿಬಿಡುತ್ತಾರೆ. ಟೋಪಿಯೊಳಗೆ ಎಲ್ಲರೂ ಬೋಳರೇ. ಭಟ್ಟರು ದುಬಾರಿ ಬೆಲೆಗೆ ಕೊಂಡ ನೀಲಿ ಟೋಪಿ ಒಂದು ಹೆಜ್ಜೆ ಮುಂದೆ ಹೋಗಿ ತಲೆಯನ್ನೇ ಅಡಗಿಸಿತು. ಹೆಗಲಿನ ಮೇಲೆ ಏನೂ ಇಲ್ಲ, ಗೇಣು ಮೇಲೆ ಟೋಪಿ ನಿಂತಿದೆ. ಅಳಿಯ ಕಂಪನಿಗೆ ಬರೆದ ದೂರಿಗೆ, ಟೋಪಿ ಸರಿಯಾಗಿಯೇ ಕಾರ್ಯನಿರ್ವಹಿಸುತ್ತಿದೆ, ಕಂಪ್ಯೂಟರನ್ನೊಮ್ಮೆ ಮರುಪ್ರಾರಂಭಿಸಿ ಎಂಬ ಉತ್ತರ ಬಂತು.

ಭಟ್ಟರು ಆ ವೇಳೆಗೆ ಸಂತೆಯ ಕಟ್ಟೆಯ ಮೇಲೆ ಆಸೀನರಾಗಿದ್ದರು. ಗುರುದಕ್ಷಿಣೆಯಾಗಿ ಶಿರಸ್ಸನ್ನೇ ಕೊಟ್ಟ ಮಾಂತ್ರಿಕನ ಕಥೆಯನ್ನು, ರಾಹುಕೇತುಗಳ ಪ್ರಸಂಗವನ್ನೂ ಕಬಂಧನ ತರ್ಕವನ್ನೂ ಬೆರೆಸಿ, ದಿನಕ್ಕೊಂದು ಅಧ್ಯಾಯದಂತೆ ಬೆಳೆಸಿದರು. ಊರು ಗೊತ್ತಿಲ್ಲದ ಆಟಗಾರರು ಬಂದು ಅಡ್ಡಬಿದ್ದು ಚಿನ್ನದ ನಾಣ್ಯ ಇಟ್ಟು ಹೋಗತೊಡಗಿದರು. ಸುರಿದ ಶೀಸೆಗಳ ಬಾಬತ್ತು ವಸೂಲಾಗಿ ಮೇಲೆ ಲಾಭವೂ ಉಳಿಯಿತು.

ನಂತರದ ಅಪ್‌ಡೇಟ್‌ನಲ್ಲಿ ಕಂಪನಿಯವರು ಸದ್ದಿಲ್ಲದೆ ತಲೆಯನ್ನು ಜೋಡಿಸಿಬಿಟ್ಟರು. ಮೂಗು ಮೀಸೆಗಳಿರುವ ಸಾಮಾನ್ಯ ಮುಖ ಕಂಡ ಭಕ್ತರು ಅದೇ ಸಂಜೆ ಚದುರಿದರು, ಇಬ್ಬರು ನಾಣ್ಯ ವಾಪಸು ಕೇಳಿದರು. ಭಟ್ಟರಿಗೆ ಟೈಪಿಂಗ್ ನಿಧಾನವಾದ್ದರಿಂದ ಕಂಪನಿಗೆ ಹೋಗಬೇಕಾದ ದೂರನ್ನು ನನ್ನಿಂದಲೇ ಬರೆಯಿಸಿದರು. ವಿಷಯ: ನನಗೆ ತಲೆ ಬಂದಿರುವ ಬಗ್ಗೆ. ದಯವಿಟ್ಟು ಆದಷ್ಟು ಬೇಗ ತೆಗೆದುಕೊಡಬೇಕಾಗಿ ವಿನಂತಿ.