ಸತ್ಯಾಂಶ: ವಿಶೇಷ ಮಕ್ಕಳಿಗೆ ಮಾಮೂಲಿ ಸ್ಕೂಲಲ್ಲಿ ಜಾಗ ಇಲ್ವಾ?

ಆಟಿಸಂ ಇರೋ ಮಕ್ಕಳು ಸ್ಪೆಷಲ್ ಸ್ಕೂಲಿಗೇ ಹೋಗ್ಬೇಕು, ಮಾಮೂಲಿ ಶಾಲೆಯವ್ರು ಅಡ್ಮಿಷನ್ ಕೊಡ್ಲೇಬೇಕು ಅಂತೇನಿಲ್ಲ ಅಂತ ಒಂದು ಮೆಸೇಜ್ ಓಡಾಡ್ತಿದೆ, ಅದು ತಪ್ಪು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರೋ ಶಾಲೆಗಳು ಭೇದ ಮಾಡ್ದೆ ಸೇರಿಸ್ಕೋಬೇಕು. ಶೇ. 40ಕ್ಕಿಂತ ಕಮ್ಮಿ ಇಲ್ಲದ ಅಂಗವೈಕಲ್ಯ ಅಂತ ಸರ್ಟಿಫಿಕೇಟ್ ಇದ್ರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಹತ್ರದ ಶಾಲೆನೋ ಸ್ಪೆಷಲ್ ಸ್ಕೂಲೋ ಅನ್ನೋದು ಅವ್ರ ಆಯ್ಕೆ.

ನಮ್ಮ ಕರ್ನಾಟಕದಲ್ಲಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಮಕ್ಕಳ ಕಲಿಕೆಗೆ ನೆರವಾಗೋ ಟೀಚರ್‌ಗಳಿದಾರೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಕೇಳಿ, ಶಾಲೆಗೆ ಬರೋಕೇ ಆಗದ ಮಕ್ಕಳಿಗೆ ಮನೇಲೇ ಪಾಠ ಮಾಡೋ ವ್ಯವಸ್ಥೆನೂ ಇದೆ. ಮೇಷ್ಟ್ರುಗಳಿಗೆ ಒಂದು ಮಾತು, ಪ್ರತಿ ವರ್ಷ ಹೊಸ ಟೀಚರ್ ಮುಂದೆ ಮಗು ಕಥೆ ಮೊದಲಿಂದ ಹೇಳಿ ಹೇಳಿ ಆ ತಾಯಂದ್ರು ಸೋತಿರ್ತಾರೆ, ದಯವಿಟ್ಟು ಒಂದ್ಸಲ ಬರೆದಿಟ್ಕೊಂಡು ಮುಂದಿನ ಕ್ಲಾಸಿನವ್ರಿಗೆ ನೀವೇ ತಲುಪಿಸಿ.