ಚೀಟಿ ಲೆಕ್ಕದ ನಡುವೆ ಒಂದು ಮೂಗು

ನನ್ನ ಯಾವುದೇ ಸ್ಕೆಚ್ ಬುಕ್ಕಿನ ಮೊದಲ ಐದಾರು ಹಾಳೆ ನೋಡಿದರೆ ನೀವು ನನ್ನನ್ನು ದೊಡ್ಡ ಕಲಾವಿದೆ ಅಂದುಕೊಳ್ಳುತ್ತೀರಿ. ಮೊದಲ ಹಾಳೆಯಲ್ಲಿ ಚಾಮುಂಡಿ ಬೆಟ್ಟದ ನಂದಿ, ಕೊರಳಿನ ಗಂಟೆ ಸರವನ್ನೂ ಬಿಟ್ಟಿಲ್ಲ. ಎರಡನೆಯದರಲ್ಲಿ ದೇವರಾಜ ಮಾರ್ಕೆಟ್ಟಿನ ಹೂವಿನಂಗಡಿ ಸಾಲು. ಮೂರನೆಯದರಲ್ಲಿ ದೊಡ್ಡ ಗಡಿಯಾರ, ಅದರ ಕನ್ನಡ ಅಂಕಿಗಳ ಸಮೇತ. ಆರನೆಯದಕ್ಕೆ ಬರುವ ಹೊತ್ತಿಗೆ ಒಂದು ಕಾಫಿ ಲೋಟ, ಅದೂ ಅರ್ಧ. ಆಮೇಲೆ ಬರೀ ಬಿಳಿ.

ಇದನ್ನು ಸೋಮಾರಿತನ ಅನ್ನುವವರಿದ್ದಾರೆ, ಮುಖ್ಯವಾಗಿ ನನ್ನ ಗಂಡ. ನಾನು ಒಪ್ಪುವುದಿಲ್ಲ. ಶುರು ಮಾಡುವುದರಲ್ಲಿರುವ ಖುಷಿ ಮುಂದುವರಿಸುವುದರಲ್ಲಿ ಎಲ್ಲಿದೆ ಹೇಳಿ. ಚಪ್ಪಲಿ ತರೋಣ ಅಂತ ದೇವರಾಜ ಅರಸು ರಸ್ತೆಗೆ ಹೋದರೆ, ದಾರಿಯಲ್ಲಿ ಸ್ಟೇಷನರಿ ಅಂಗಡಿ ಸಿಗುತ್ತದೆ. ಅಂಗಡಿಯವರು ಹೊಸ ಸ್ಕೆಚ್ ಬುಕ್ ಬಿಡಿಸಿ, ಹಾಳೆಯನ್ನು ಎರಡು ಬೆರಳಲ್ಲಿ ಉಜ್ಜಿ, 'ನೋಡಿ ಮೇಡಂ, 150 ಜಿಎಸ್‌ಎಂ' ಅನ್ನುತ್ತಾರೆ. ಅಲ್ಲಿಗೆ ಚಪ್ಪಲಿ ಮರೆತುಹೋಗುತ್ತದೆ. ಜಿಎಸ್‌ಎಂ ಅಂದರೆ ಬೇರೇನಲ್ಲ, ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಝೆರಾಕ್ಸ್ ಹಾಳೆ 70ರಿಂದ 80 ಇರುತ್ತದೆ, ವಾಟರ್ ಕಲರಿಗೆ ಒಳ್ಳೆಯದು ಅಂದರೆ 300. ಹಾಳೆಯ ತೂಕ ಜಾಸ್ತಿಯಾದಷ್ಟೂ ನನ್ನ ಕೈ ನಡುಗುವುದೂ ಜಾಸ್ತಿ. 300ರ ಬುಕ್ಕಿನಲ್ಲಿ ನಾನು ಇದುವರೆಗೆ ಬರೆದಿರುವುದು ನನ್ನ ಹೆಸರು ಮಾತ್ರ.

ಹೀಗೆ ಅಟ್ಟದ ಮೇಲೆ ಅರ್ಧಂಬರ್ಧ ಬುಕ್ಕುಗಳ ಒಂದು ರಾಶಿಯೇ ಸೇರಿಕೊಂಡಿತು. ಹಳೇ ಪೇಪರಿನವರಿಗೆ ಕೊಡೋಣ ಅಂತ ಗಂಡ ಅವನ್ನು ಕೆಳಗಿಳಿಸಿದಾಗ ನಾನು ಅಡ್ಡ ನಿಂತು, ಇವೆಲ್ಲ ತುಂಬುವ ತನಕ ಹೊಸ ಬುಕ್ ತರುವುದಿಲ್ಲ, ದಿನಕ್ಕೊಂದು ಚಿತ್ರ ಬರೆಯುತ್ತೇನೆ ಅಂತ ಘೋಷಣೆ ಮಾಡಿದೆ. ಈ ಐಡಿಯಾ ನನ್ನದಲ್ಲ. ಜೇಕ್ ಪಾರ್ಕರ್ ಅನ್ನುವ ಅಮೆರಿಕದ ಚಿತ್ರಕಾರರು ತಮ್ಮ ಇಂಕಿನ ಕೆಲಸ ಸುಧಾರಿಸಲಿ ಅಂತ 2009ರಲ್ಲಿ 'ಇಂಕ್‌ಟೋಬರ್' ಶುರು ಮಾಡಿದರು. ಅಕ್ಟೋಬರ್ ತಿಂಗಳ 31 ದಿನವೂ ದಿನಕ್ಕೊಂದು ಚಿತ್ರ, ಅದೂ ಇಂಕಿನಲ್ಲಿ. ಈಗ ಪ್ರಪಂಚದಲ್ಲೆಲ್ಲ ಜನ ಮಾಡುತ್ತಾರೆ. ಆದರೆ ಅವರು ಅಕ್ಟೋಬರನ್ನು ಆರಿಸಿಕೊಂಡಾಗ ಮೈಸೂರಿನ ಹೆಂಗಸರನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು. ನಮಗೆ ಅದು ದಸರಾ ಕಾಲ. ಮನೆ ತುಂಬ ನೆಂಟರು.

ಮೊದಲ ತೊಂದರೆ ಬುಕ್ಕುಗಳಲ್ಲೇ ಇತ್ತು. ಖಾಲಿ ಅಂತ ನಾನು ತಿಳಿದಿದ್ದ ಹಾಳೆಗಳು ಖಾಲಿ ಇರಲಿಲ್ಲ. ನಮ್ಮ ಮನೆಯಲ್ಲಿ ಬಿಳಿ ಹಾಳೆ ಬಹಳ ದಿನ ಬಿಳಿಯಾಗಿ ಉಳಿಯುವುದಿಲ್ಲ. ಒಂದರಲ್ಲಿ ಗ್ಯಾಸ್ ಬುಕ್ ಮಾಡಿದ ನಂಬರುಗಳು. ಒಂದರಲ್ಲಿ ಮಗಳ ಫಿಸಿಕ್ಸ್ ಲೆಕ್ಕ, ಉತ್ತರ ಬಂದಿಲ್ಲ. ಒಂದರಲ್ಲಿ ಬಾತ್‌ರೂಮಿನ ನಲ್ಲಿ ರಿಪೇರಿಗೆ ಬಂದವರು ಬರೆದುಕೊಟ್ಟ ಪೈಪಿನ ನಕ್ಷೆ. ನಿಜ ಹೇಳಬೇಕೆಂದರೆ ಅದರ ಗೆರೆ ನನ್ನ ನಂದಿಗಿಂತ ಗಟ್ಟಿಯಾಗಿದೆ. ಮಿಕ್ಕಿದ್ದೆಲ್ಲ ನಮ್ಮ ಅತ್ತೆಯ ಪಾಲು. 15ರಿಂದ 8 ಸಂದು ಚುಕ್ಕಿಯ ರಂಗೋಲಿಗಳು ಹಾಳೆಗಟ್ಟಲೆ, ಒಂದೂ ಗೆರೆ ತಪ್ಪಿಲ್ಲ, ಒಂದನ್ನೂ ಅರ್ಧಕ್ಕೆ ಬಿಟ್ಟಿಲ್ಲ. ಅವುಗಳ ಮಧ್ಯೆ ಮಧ್ಯೆ ಅವರು ನಡೆಸುವ ಮನೆ ಚೀಟಿಯ ಲೆಕ್ಕ. ಯಾರು ಕಟ್ಟಿದರು, ಯಾರದು ಬಾಕಿ, ಯಾರು ಕೂಗಿದರು, ಎಲ್ಲ.

'ನೀನು ಬಿಟ್ಟಿದ್ದೆ, ಹಾಳೆ ದಂಡ ಆಗ್ತಿತ್ತು, ಬರೆದೆ' ಅಂದರು. ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಅವರ ಹಾಳೆ ಅವರಿಗೆ, ನಡುವೆ ಉಳಿದದ್ದು ನನಗೆ.

ಎರಡನೇ ತೊಂದರೆ ಇಂಕು. ಹಳೇ ಹಾಳೆ ವರ್ಷಗಟ್ಟಲೆ ಮಳೆಗಾಲದ ತೇವ ಕುಡಿದು ಮೆತ್ತಗಾಗಿರುತ್ತದೆ. ಇಂಕು ಇಟ್ಟ ಕಡೆ ನಿಲ್ಲುವುದಿಲ್ಲ, ಹರಡಿಕೊಳ್ಳುತ್ತದೆ, ಇಲ್ಲವೇ ಹಿಂದಿನ ಪುಟಕ್ಕೆ ಇಳಿಯುತ್ತದೆ. ನಾನು ಬರೆದ ಕುಕ್ಕರಹಳ್ಳಿ ಕೆರೆ ಹಾಗೆ ಇಳಿದು ಬಂದು ಚೀಟಿ ಲೆಕ್ಕದ ಜೂನ್ ತಿಂಗಳನ್ನು ಮುಳುಗಿಸಿತು. ನೀರಿಗೆ ಕರಗದ ಇಂಕು ಬೇಕು ಅಂತ ನಾನು ಗೊಣಗಿದ್ದನ್ನು ಕೇಳಿಸಿಕೊಂಡ ಗಂಡ, ಪಾಪ, ಸಹಾಯ ಮಾಡೋಣ ಅಂತ ಇಂಡಿಯನ್ ಇಂಕಿನ ಬಾಟಲಿ ತಂದು, ನನ್ನ ತಂದೆ ಕೊಟ್ಟಿದ್ದ ಫೌಂಟನ್ ಪೆನ್ನಿಗೆ ತುಂಬಿಟ್ಟರು. ಆ ಇಂಕಿಗೆ ಅರಗು ಸೇರಿಸಿರುತ್ತಾರೆ. ಒಣಗಿದರೆ ಗಟ್ಟಿ. ಅದ್ದಿ ಬರೆಯುವ ನಿಬ್ಬಿಗೆ ಅದು ಸರಿ, ಫೌಂಟನ್ ಪೆನ್ನಿನ ಗಂಟಲಿಗೆ ಇಳಿದರೆ ಮುಗಿಯಿತು. ಪೆನ್ನು ಈಗಲೂ ನೋಡಲು ಚೆನ್ನಾಗಿದೆ.

ಅದನ್ನು ತೊಳೆಯಲು ಹೋಗಿ ನನ್ನ ಬೆರಳುಗಳೆಲ್ಲ ಕಪ್ಪಾದವು. ಮಾರನೇ ದಿನ ಆಫೀಸಿನಲ್ಲಿ ಸಿಕ್ಕವರೆಲ್ಲ 'ಯಾವ ಎಲೆಕ್ಷನ್ ಮೇಡಂ?' ಅಂತ ಕೇಳಿದರು. ಮೈಸೂರಿನವರಿಗೆ ಈ ಜೋಕು ಹೊಸದೇನಲ್ಲ. ದೇಶಕ್ಕೆಲ್ಲ ಮತದಾನದ ಶಾಯಿ ಹೋಗುವುದು ನಮ್ಮೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದ, 1962ರ ಚುನಾವಣೆಯಿಂದ ಹಿಡಿದು ಇವತ್ತಿನವರೆಗೂ. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹತ್ತಿ, ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಆ ಕಾರ್ಖಾನೆ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾಗಿದ್ದೇ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಅಳಿಸಲಾಗದ ಶಾಯಿಗೆ ಹೆಸರಾದ ಊರಿನಲ್ಲಿ ನನ್ನ ಪಾಡು ಏನು ಅಂದರೆ, ಒಂದು ಹನಿ ಕಾಫಿ ಬಿದ್ದರೆ ಚಿತ್ರ ಅಳಿಸಿಹೋಗುತ್ತದೆ, ಬೆರಳಿನದು ಮಾತ್ರ ಹೋಗುವುದಿಲ್ಲ.

ಆಮೇಲೆ ದಸರಾ ಬಂತು. ದೀಪ ಹಾಕಿದ ಅರಮನೆ ಬರಿ, ಲಕ್ಷ ಬಲ್ಬಂತೆ, ಅಂತ ಹಾಸನದಿಂದ ಬಂದಿದ್ದ ಚಿಕ್ಕಮ್ಮನ ಆರ್ಡರ್. ಹೇಳುವುದು ಸುಲಭ. ಕಪ್ಪು ಇಂಕಿನಲ್ಲಿ ಬಿಳಿ ಹಾಳೆಯ ಮೇಲೆ ಬಲ್ಬ್ ಬರೆಯಲು ಆಗುವುದಿಲ್ಲ, ಬಲ್ಬ್ ಇಲ್ಲದ ಜಾಗವನ್ನೆಲ್ಲ ಬರೆಯಬೇಕು. ಅಂದರೆ ಆಕಾಶ, ಕತ್ತಲೆ, ಜನರ ತಲೆ, ಬಲೂನು ಮಾರುವವರ ಬೆನ್ನು, ಎಲ್ಲವನ್ನೂ ಕಪ್ಪು ಮಾಡುತ್ತಾ ಹೋಗಿ ದೀಪಗಳನ್ನು ಹಾಗೇ ಬಿಡಬೇಕು. ಬಲರಾಮ ದ್ವಾರದ ಎದುರು ನಿಂತು ನಾನು ಇನ್ನೂ ಕಾಲು ಭಾಗ ಕತ್ತಲೆ ಮಾಡಿರಲಿಲ್ಲ, ದೀಪ ಆರಿಸಿಬಿಟ್ಟರು. ಈಗ ನೋಡಿದ್ದೆಲ್ಲ ಕತ್ತಲೆ. ಅರಮನೆಯ ಹಳೇ ಮರದ ಕಟ್ಟಡ 1897ರಲ್ಲಿ ಸುಟ್ಟುಹೋದ ಮೇಲೆ ಈಗಿನದನ್ನು ಕಟ್ಟಿ ಮುಗಿಸಿದ್ದು 1912ರಲ್ಲಿ. ಅವರಿಗೇ ಅಷ್ಟು ವರ್ಷ ಹಿಡಿದಿರುವಾಗ ನನ್ನನ್ನು ಒಂದು ಸಂಜೆಯಲ್ಲಿ ಮುಗಿಸು ಅನ್ನುವುದು ಯಾವ ನ್ಯಾಯ?

ಅಲ್ಲಾಡದೆ ನಿಲ್ಲುವ ಮಾಡೆಲ್ ಸಿಕ್ಕಿದ್ದು ಮನೆಯಲ್ಲಿ ಕೂರಿಸಿದ ಬೊಂಬೆಗಳು ಮಾತ್ರ. ಪಟ್ಟದ ಬೊಂಬೆಗಳಷ್ಟು ಸಹನೆ ಮನುಷ್ಯರಿಗಿಲ್ಲ. ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ, ಕೈಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರ ಇದೆಯಲ್ಲ, ಮೈಸೂರಿಗೆ ಬಂದವರೆಲ್ಲ ಕತ್ತಲೆ ಕೋಣೆಯಲ್ಲಿ ಸಾಲಾಗಿ ನಿಂತು ನೋಡುವಂಥದ್ದು? ಅದನ್ನು ರವಿವರ್ಮನದು ಅಂತ ಹೇಳುವವರೇ ಜಾಸ್ತಿ, ಚಿಕ್ಕಮ್ಮನೂ ಹಾಗೇ ಹೇಳುತ್ತಾರೆ. ಬರೆದದ್ದು ಹಲ್ದಂಕರ್, ಅದೂ ವಾಟರ್ ಕಲರ್‌ನಲ್ಲಿ. ದೀಪ ಹಿಡಿದು ನಿಂತದ್ದು ಅವರ ಸ್ವಂತ ಮಗಳು. ಈ ಕಥೆ ಹೇಳಿ ನನ್ನ ಮಗಳಿಗೆ ಸೀರೆ ಉಡಿಸಿ, ಕೈಗೆ ದೀಪ ಕೊಟ್ಟು ನಿಲ್ಲಿಸಿದೆ. 'ಎಷ್ಟು ಹೊತ್ತಮ್ಮ?' ಅಂದಳು. ನಾನು ಹುಬ್ಬು ಬರೆದೆ. 'ಆಯ್ತಾ?' ಅಂದಳು. ಇನ್ನೊಂದು ಹುಬ್ಬು ಬರೆಯುವಷ್ಟರಲ್ಲಿ ದೀಪ ಡೈನಿಂಗ್ ಟೇಬಲ್ಲಿನ ಮೇಲಿತ್ತು, ಮಗಳು ಮೊಬೈಲಿನಲ್ಲಿದ್ದಳು. ಆ ಹಾಳೆಯಲ್ಲಿ ಎರಡು ಹುಬ್ಬು ಇವೆ. ಹುಬ್ಬು ಮಾತ್ರ ಬಹಳ ಚೆನ್ನಾಗಿ ಬಂದಿವೆ.

ಕೊನೆಗೆ ನನಗೆ ಗತಿಯಾದದ್ದು ರೈಲು. ಮೈಸೂರಿನಿಂದ ಮಂಡ್ಯಕ್ಕೆ ದಿನಾ ಹೋಗಿಬರುವ ನಮ್ಮಂಥವರಿಗೆ ರೈಲಿನಲ್ಲಿ ನಿದ್ದೆ ಮಾಡುವವರ ಕೊರತೆಯಿಲ್ಲ. ನಾಗನಹಳ್ಳಿ ದಾಟುವ ಮೊದಲೇ ಅರ್ಧ ಬೋಗಿ ತೂಕಡಿಸುತ್ತಿರುತ್ತದೆ. ನಿದ್ದೆ ಮಾಡುವವರು ಕೂದಲು ಸರಿ ಮಾಡಿಕೊಳ್ಳುವುದಿಲ್ಲ, ತೋರಿಸಿ ಅನ್ನುವುದಿಲ್ಲ. ತೊಂದರೆ ಏನೆಂದರೆ, ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡಾಗಿ ಹರಿಯುವುದರಿಂದ ನದಿಯನ್ನು ಎರಡು ಸಲ ದಾಟಬೇಕು, ಎರಡು ಸಲವೂ ಎಲ್ಲರೂ ಎದ್ದು ಕೈ ಮುಗಿಯುತ್ತಾರೆ.

ಹಾಗೆ ಒಂದು ದಿನ ಶ್ರೀರಂಗಪಟ್ಟಣದಲ್ಲಿ ಹತ್ತಿದ ಒಬ್ಬರು ಎದುರಿಗೇ ಕೂತರು. ಅರವತ್ತರ ಆಸುಪಾಸು, ಹೆಗಲ ಮೇಲೆ ಟವೆಲ್ಲು.

'ಅದೇನ್ರವ್ವ ಬರ್ಕೊತಾ ಇರದು? ಸರ್ವೇನಾ?'

'ಇಲ್ಲ ಯಜಮಾನ್ರೇ, ಸುಮ್ನೆ ಚಿತ್ರ.'

'ಅಂಗಾರೆ ನಂದೂ ಒಂದು ಬರೀರಿ ಮತ್ತೆ.'

ಟವೆಲ್ಲು ಸರಿ ಮಾಡಿಕೊಂಡು, ಉಸಿರು ಬಿಗಿ ಹಿಡಿದು ಕೂತರು. ಪಾಂಡವಪುರ ಬಂತು, ಹೋಯಿತು. ಬ್ಯಾಡರಹಳ್ಳಿಯ ಹತ್ತಿರ ಬೋಗಿ ಕುಲುಕಿ ಒಂದೆರಡು ಗೆರೆ ಕೆನ್ನೆಯ ಮೇಲೆ ಬಿದ್ದವು. ಅದಕ್ಕೆ ಜೋಡಿಯಾಗಿ ಇನ್ನೊಂದಿಷ್ಟು ಗೆರೆ ಹಾಕಿ ಸುಕ್ಕು ಮಾಡಿದೆ. ನೋಡುತ್ತಾ ನೋಡುತ್ತಾ ಅವರಿಗೆ ಎಂಬತ್ತು ವರ್ಷವಾಯಿತು. ಬೈಯುತ್ತಾರೆ ಅಂತಲೇ ತಿರುಗಿಸಿ ತೋರಿಸಿದೆ. ಬಹಳ ಹೊತ್ತು ನೋಡಿದರು.

'ಇದು ನಾನಲ್ಲ ಕನ್ರವ್ವ. ನಮ್ಮಪ್ಪ.'

ನಾನು ಏನು ಹೇಳಲಿ ಅಂತ ಯೋಚಿಸುತ್ತಿದ್ದೆ.

'ಅಪ್ಪಂದು ಒಂದ್ ಪಟಾನೂ ಇಲ್ಲ ಮನೇಲಿ. ಇದ ಕೊಟ್ಬುಡಿ, ಕಟ್ಟು ಹಾಕುಸ್ತೀನಿ' ಅಂದವರು, ಯಲಿಯೂರು ಬಂದೇಬಿಟ್ಟಿತು ಅಂತ, ನಾನು ಹ್ಞೂಂ ಅನ್ನುವ ಮೊದಲೇ ಹಾಳೆಯನ್ನು ಕಿತ್ತುಕೊಂಡು ಇಳಿದುಬಿಟ್ಟರು. ನನ್ನ ಚಿತ್ರವನ್ನು ಯಾರಾದರೂ ಕೇಳಿ ತೆಗೆದುಕೊಂಡದ್ದು ಅದೇ ಮೊದಲು. ಮಂಡ್ಯ ಬರುವ ತನಕ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆದರೆ ಹೊಲಿದ ಬುಕ್ಕಿನ ಕಥೆ ನಿಮಗೆ ಗೊತ್ತಿರಬೇಕು. ಅದರಲ್ಲಿ ಒಂದೊಂದೂ ಬಿಡಿ ಹಾಳೆಯಲ್ಲ. ದೊಡ್ಡ ಹಾಳೆಯನ್ನು ಮಡಚಿ, ಮಡಿಕೆಯ ಮೇಲೆ ದಾರ ಹಾಕಿರುತ್ತಾರೆ. ಇಲ್ಲಿ ಒಂದನ್ನು ಕಿತ್ತರೆ ಅದರ ಜೋಡಿ ಇನ್ನೆಲ್ಲೋ ಸಡಿಲವಾಗುತ್ತದೆ. ಯಜಮಾನರ ಅಪ್ಪನ ಜೋಡಿ ಹಾಳೆ ಅತ್ತೆಯ ಚೀಟಿ ಲೆಕ್ಕವಾಗಿತ್ತು. ಅದು ರೈಲಿನಲ್ಲೇ ಬಿತ್ತೋ, ಮಂಡ್ಯ ಸ್ಟೇಷನ್ನಿನಲ್ಲಿ ಹಾರಿತೋ, ಮನೆಗೆ ಬಂದು ನೋಡಿದರೆ ಇರಲಿಲ್ಲ.

ಮುಂದಿನ ಭಾನುವಾರ ಚೀಟಿಯವರೆಲ್ಲ ನಮ್ಮ ಹಾಲಿನಲ್ಲಿ ಸೇರಿದರು. ಲೆಕ್ಕದ ಹಾಳೆ ಕಳೆದಿದೆ ಅನ್ನುವ ಸುದ್ದಿ ಅವರಿಗೆ ಮೊದಲೇ ತಲುಪಿತ್ತು. ನೆನಪು ಅನ್ನುವುದು ಎಷ್ಟು ಉಪಕಾರಿ ಅಂತ ನನಗೆ ಆವತ್ತು ಗೊತ್ತಾಯಿತು. ಒಬ್ಬೊಬ್ಬರಿಗೂ ಅವರವರು ಕಟ್ಟಿದ್ದು ದಿನ, ವಾರ, ಉಟ್ಟಿದ್ದ ಸೀರೆಯ ಸಮೇತ ನೆನಪಿತ್ತು. ಬಾಕಿ ಯಾರಿಗೂ ನೆನಪಿರಲಿಲ್ಲ. ಹಿಂದಿನ ಬೀದಿಯ ಟೀಚರಮ್ಮ ಅಂತೂ ತಾವು ಮುಂದಿನ ತಿಂಗಳದ್ದನ್ನೂ ಕಟ್ಟಿಯಾಗಿದೆ ಅಂದರು.

ಅತ್ತೆ ಕೂಗಾಡಲಿಲ್ಲ. ಅವರು ಕೂಗಾಡದಿದ್ದರೇ ನಮಗೆ ಭಯ. ನನ್ನ ಕೈಗೆ ಬುಕ್ ಕೊಟ್ಟು, 'ಬರಿ' ಅಂದರು. ಕಟ್ಟಿದವರ ಮುಖ ಎಡಗಡೆ ಹಾಳೆಯಲ್ಲಿ, ಕೆಳಗೆ ಅವರದೇ ಸಹಿ. ಬಾಕಿಯವರ ಮುಖ ಬಲಗಡೆ. ಇನ್ನು ಮೇಲೆ ಇದೇ ಲೆಕ್ಕದ ಪುಸ್ತಕ. ನನ್ನ ದಿನಕ್ಕೊಂದು ಚಿತ್ರ ಅಲ್ಲಿಂದ ಕುಂಟಿಲ್ಲ. ಬುಕ್ಕು ಬೇಗ ಬೇಗ ತುಂಬುತ್ತಿದೆ. ಒಬ್ಬರು ಎಡಗಡೆ ಬರುವುದಕ್ಕೆಂದೇ ಮಲ್ಲಿಗೆ ಮುಡಿದು, ಎರಡು ದಿನ ಮೊದಲೇ ದುಡ್ಡು ತಂದರು.

ಟೀಚರಮ್ಮ ಮಾತ್ರ ಕೂರಲು ಒಪ್ಪಲಿಲ್ಲ. ಅವರನ್ನು ನೆನಪಿನಿಂದಲೇ ಬರೆದು ಬಲಗಡೆ ಹಾಕಿದ್ದಾಯಿತು. ಹೋದ ವಾರ ಬಂದವರು ಕನ್ನಡಕ ಹಾಕಿಕೊಂಡು ಆ ಹಾಳೆ ನೋಡಿದರು.

'ಇದು ನಾನಲ್ಲವೇ ಅಲ್ಲ ಕಣ್ರೀ. ಈ ಮೂಗು ನೋಡಿ. ಯಾರದೋ ಏನೋ. ಮೂಗು ಯಾರದೋ ಬಾಕಿಯೂ ಅವರದೇ.'

'ಬಾಕಿ ಕೊಡಿ ಟೀಚರೇ' ಅಂದರು ಅತ್ತೆ, 'ಎಡಗಡೆ ಒಳ್ಳೇ ಮೂಗು ಹಾಕಿಸ್ತೀನಿ.'