ಲೈಕ್ ಒತ್ತೋದು ಆಮೇಲೆ ಕಲಿಸಿ

ನಮ್ಮ ಬಾಗಲಕೋಟೆ ಕಡೆ ಈಗ ಹಿರಿಯರೆಲ್ಲ ಒಬ್ಬೊಬ್ಬರಾಗಿ ಫೇಸ್‌ಬುಕ್‌ಗೆ ಬರುತ್ತಿದ್ದಾರೆ. ರಿಟೈರ್ ಆದ ಕಾಕಾ, ಮಕ್ಕಳು ಪುಣೆ ಸೇರಿದ ಮೇಲೆ ಮನೆಯಲ್ಲಿ ಉಳಿದ ಅತ್ತಿ. ಕಲಿಸೋರು ಮೊಮ್ಮಕ್ಕಳು. ಗಡಿಬಿಡಿಯಲ್ಲಿ ಅಕೌಂಟ್ ತೆಗೆದು, "ಇದು ಲೈಕ್, ಇದು ಶೇರ್, ಮುಗೀತು" ಅಂತ ಫೋನ್ ಕೈಗಿಟ್ಟು ಎದ್ದು ಹೋಗುತ್ತಾರೆ. ನನ್ನ ತಕರಾರು ಅಲ್ಲೇ. ಲೈಕ್ ಒತ್ತೋದನ್ನು ಯಾರೂ ಕಲಿಸಬೇಕಿಲ್ಲ. ನಾವು ಹಾಕಿದ್ದು ಯಾರ್‍ಯಾರಿಗೆ ಕಾಣುತ್ತದೆ ಅನ್ನೋದನ್ನು ಮೊದಲು ಕಲಿಸಬೇಕು.

ಪೋಸ್ಟ್ ಬರೆಯೋ ಜಾಗದಲ್ಲಿ ನಮ್ಮ ಹೆಸರಿನ ಕೆಳಗೆ ಒಂದು ಸಣ್ಣ ಗುರುತು ಇರುತ್ತದೆ. ಭೂಮಿಯ ಗುಂಡು ಇದ್ದರೆ ಪಬ್ಲಿಕ್, ಯಾರು ಬೇಕಾದರೂ ನೋಡಬಹುದು. ಎರಡು ತಲೆ ಇದ್ದರೆ ಫ್ರೆಂಡ್ಸ್‌ಗೆ. ಬೀಗ ಇದ್ದರೆ ನಮಗೆ ಮಾತ್ರ. ಪೋಸ್ಟ್ ಹಾಕಿದ ಮೇಲೂ ಮೂರು ಚುಕ್ಕಿ ಒತ್ತಿ ಬದಲಾಯಿಸಬಹುದು.

ಗುಳೇದಗುಡ್ಡದ ನಮ್ಮ ಚಿಗವ್ವ ಖಣ ಮಾರುತ್ತಾಳೆ. ಇದನ್ನು ತೋರಿಸಿದ ಕೂಡಲೇ ಕೇಳಿದಳು: "ತಮ್ಮಾ, ಖಣದ ಫೋಟೋ ಎಲ್ಲಾರಿಗೂ ಕಾಣಬೇಕು. ಮೊಮ್ಮಗನ ತೊಟ್ಟಿಲ ಫೋಟೋ ನಮ್ಮ ಮಂದಿಗಷ್ಟ ಸಾಕು. ಎರಡೂ ಆಗ್ತೈತೇನು?"

ಆಗುತ್ತದೆ. ಆದರೆ ಒಂದು ತೊಡಕಿದೆ. ಹೆಣ್ಣುಮಕ್ಕಳಿಗೆ ಎಲ್ಲರೂ ಹೇಳೋದು ಪ್ರೊಫೈಲ್ ಲಾಕ್ ಮಾಡಿ ಅಂತ. 2020ರಲ್ಲಿ ನಮ್ಮ ದೇಶಕ್ಕೆ ಬಂದ ಸೌಲಭ್ಯ ಅದು, ಒಳ್ಳೆಯದೇ. ಗೊತ್ತಿಲ್ಲದವರಿಗೆ ನಮ್ಮ ಪೋಸ್ಟ್ ಕಾಣಲ್ಲ, ಪ್ರೊಫೈಲ್ ಫೋಟೋ ದೊಡ್ಡದು ಮಾಡಿ ನೋಡೋಕೂ ಆಗಲ್ಲ. ಲಾಕ್ ಮಾಡಿದರೆ ಪಬ್ಲಿಕ್ ಪೋಸ್ಟ್ ಮಾತ್ರ ಹಾಕೋಕೆ ಬರಲ್ಲ. ಇದನ್ನು ಯಾರೂ ಹೇಳಲ್ಲ! ಅದಕ್ಕೇ ವ್ಯಾಪಾರಕ್ಕೆ ಬೇರೆ ಪೇಜ್ ಮಾಡಿಕೊಟ್ಟೆ. ಈಗ ತೇರಿನ ಚಿತ್ತಾರದ ಖಣ ಪೇಜ್‌ನಲ್ಲಿ, ಮೊಮ್ಮಗ ಲಾಕ್ ಆದ ಪ್ರೊಫೈಲ್‌ನಲ್ಲಿ.

ಟೈಪ್ ಮಾಡೋಕೆ ಬರಲ್ಲ ಅನ್ನೋರಿಗೆ ಕೀಬೋರ್ಡಿನ ಮೈಕ್ ತೋರಿಸಿ, ಕನ್ನಡದಲ್ಲಿ ಹೇಳಿದರೆ ಬರೆದುಕೊಳ್ಳುತ್ತದೆ. ನಮ್ಮ ಕಡೆ ಮಾತಿಗೆ ಆಗಾಗ ತಬ್ಬಿಬ್ಬಾಗುತ್ತದೆ, ಅದು ಬೇರೆ ಮಾತು.

ಇನ್ನು ಫ್ರೆಂಡ್ ರಿಕ್ವೆಸ್ಟ್. 5000 ಜನರವರೆಗೆ ಫ್ರೆಂಡ್ಸ್ ಮಾಡಿಕೊಳ್ಳಬಹುದು. ನಮ್ಮ ಮನೆ ಮದುವೆಗೂ ಅಷ್ಟು ಮಂದಿ ಬಂದಿಲ್ಲ. ಬಂದವರನ್ನೆಲ್ಲ ಒಪ್ಪಿಕೊಳ್ಳೋದು ಮರ್ಯಾದೆ ಅಂತ ಹಿರಿಯರು ಅಂದುಕೊಂಡಿರುತ್ತಾರೆ. ಅಲ್ಲ ಅಂತ ನಾವೇ ಬಿಡಿಸಿ ಹೇಳಬೇಕು. ಆಗಲೇ ಫ್ರೆಂಡ್ ಆಗಿರೋರ ಹೆಸರಲ್ಲಿ, ಅದೇ ಫೋಟೋ ಇಟ್ಟುಕೊಂಡು ಮತ್ತೊಂದು ರಿಕ್ವೆಸ್ಟ್ ಬಂತು ಅಂದರೆ ಅದು ನಕಲಿ ಇರೋದೇ ಜಾಸ್ತಿ. ನಾಕು ಮಾತಾಡಿ "ಆಸ್ಪತ್ರೆಯಲ್ಲಿದ್ದೀನಿ, ಅರ್ಜೆಂಟ್ ರೊಕ್ಕ ಕಳಿಸು" ಅಂತ ಮೆಸೇಜ್ ಬರುತ್ತದೆ. ಆಗ ಮೆಸೆಂಜರ್‌ನಲ್ಲಿ ಮಾತು ಬೆಳೆಸದೆ, ಆ ಮನುಷ್ಯರ ಹಳೇ ನಂಬರಿಗೇ ಫೋನ್ ಹಚ್ಚಬೇಕು. ರೊಕ್ಕ ಹೋಗಿಯೇಬಿಟ್ಟಿದ್ದರೆ ನಾಚಿಕೆ ಪಡದೆ ಕೂಡಲೇ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಬೇಕು. ತಡವಾದಷ್ಟೂ ಆ ರೊಕ್ಕ ತಡೆಯೋದು ಕಷ್ಟ. ಆ ನಂಬರನ್ನು ಅಕೌಂಟ್ ತೆಗೆದುಕೊಟ್ಟ ದಿನವೇ ಅವರ ಫೋನಿನಲ್ಲಿ ಸೇವ್ ಮಾಡಿಬಿಡಿ.